ಎರಡು ಮೂತಿಯ ಆಯುಧಕ್ಕೆ ಅಕ್ಷತೆ

ತಾವು ಮಾಡುವ ಕೆಲಸವನ್ನು ಒಂದೇ ಶಬ್ದದಲ್ಲಿ ಹೇಳಿ ಮುಗಿಸಬಲ್ಲವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಹೊಟ್ಟೆಕಿಚ್ಚು. ಡಾಕ್ಟರು, ವಕೀಲರು, ಮಾಸ್ತರು, ಹೋಟೆಲಿನವರು. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದರೆ ಇವರದು ಒಂದೇ ತುತ್ತಿನ ಉತ್ತರ. ನನಗೆ ಅದೇ ಪ್ರಶ್ನೆ ಬಂದರೆ ಸಾರು ಆರಿ, ಬಡಿಸುವವರು ಮಜ್ಜಿಗೆ ಹಿಡಿದುಕೊಂಡು ಬಂದರೂ ಮುಗಿಯುವುದಿಲ್ಲ. ಇಂಜಿನಿಯರು ಎನ್ನುತ್ತೇನೆ. ಬಾಗಲಕೋಟೆ ಕಡೆಯ ನಮ್ಮ ಬಂಧುಗಳ ಪ್ರಕಾರ ಇಂಜಿನಿಯರಾದವನು ಸೇತುವೆ ಕಟ್ಟಬೇಕು, ಇಲ್ಲವೆ ಕಂಪ್ಯೂಟರಿನ ಮುಂದೆ ಕೂಡಬೇಕು. ಎರಡೂ ಅಲ್ಲ, ಪುಣೆಯ ಒಂದು ಕಾರ್ಖಾನೆಯಲ್ಲಿ ಸ್ಕ್ರೂ ಡ್ರೈವರು, ನಟ್ಟು ಬಿಗಿಯುವ ಪಾನಾ, ಇಕ್ಕಳಗಳ ನಕ್ಷೆ ಬರೆಯುತ್ತೇನೆ, ಅದರಲ್ಲೂ ಹೆಚ್ಚಾಗಿ ಅವುಗಳ ಹಿಡಿಕೆಯ ನಕ್ಷೆ ಎಂದರೆ ಅವರು ಸ್ವಲ್ಪ ಹೊತ್ತು ಎಲೆಯನ್ನೇ ನೋಡುತ್ತಾರೆ. ನಮ್ಮ ಸೋದರಮಾವ ಒಮ್ಮೆ ಬಹಳ ಮರುಕದಿಂದ, "ಅದನ್ನೂ ಯಾರರ ಬರೀಬೇಕೇನೋ? ಅದು ಹಂಗ ಇರ್ತದಲ್ಲಪಾ" ಎಂದಿದ್ದರು.

ಮಾವ ಅಂದದ್ದು ಪೂರ್ತಿ ಸುಳ್ಳೂ ಅಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಹಿಡಿಕೆ ಕೈಯಲ್ಲಿ ಜಾರಬಾರದೆಂದು ಗೀರು ಹಾಕಿದ್ದೇನೆ, ಗೀರು ಚುಚ್ಚುತ್ತದೆ ಎಂದು ದೂರು ಬಂದಾಗ ಅಳಿಸಿದ್ದೇನೆ. ಕೆಂಪಿದ್ದದ್ದನ್ನು ಹಳದಿ ಮಾಡಿದ್ದೇನೆ, ಮಾರಾಟದವರು ಮುಖ ಸಿಂಡರಿಸಿದಾಗ ಮತ್ತೆ ಕೆಂಪು ಬಳಿದಿದ್ದೇನೆ. ಎಲ್ಲವೂ ಯಾರೋ ಮೊದಲೇ ಮಾಡಿಟ್ಟದ್ದರ ಮೇಲೆ ನಾನು ಕೈಯಾಡಿಸಿದ್ದು. ಇದು ನನ್ನದು ಎಂದು ಎದೆ ತಟ್ಟಿ ಹೇಳುವಂಥ ವಸ್ತು ಒಂದೂ ಇರಲಿಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿದೆ ಎಂದು ಲೆಕ್ಕ ಹಾಕಿದ ದಿನ ಈ ಸಂಗತಿ ನನ್ನನ್ನು ಹಿಡಿದುಕೊಂಡಿತು. ಬೇರೆಯವರಿಗೆ ಈ ವಯಸ್ಸಿನಲ್ಲಿ ಕಾಶಿಗೆ ಹೋಗುವ ಮನಸ್ಸಾಗುತ್ತದೆ. ನನಗೆ ಒಂದು ಸ್ಕ್ರೂ ಡ್ರೈವರು ಮಾಡುವ ಮನಸ್ಸಾಯಿತು.

ನನ್ನ ಕಲ್ಪನೆ ಬಹಳ ಸರಳ. ಒಂದೇ ಹಿಡಿಕೆ, ಅದರ ಹೊಟ್ಟೆ ಟೊಳ್ಳು, ಹಿಂದೆ ಒಂದು ಮುಚ್ಚಳ. ಹೊಟ್ಟೆಯೊಳಗೆ ಆರು ಬಿಟ್‌ಗಳು, ಅಂದರೆ ಹಿಡಿಕೆಯ ತುದಿಗೆ ಸಿಕ್ಕಿಸುವ ಉಕ್ಕಿನ ಗಿಡ್ಡ ತುಂಡುಗಳು. ಒಂದೊಂದು ತುಂಡಿಗೂ ಎರಡು ಮೂತಿ. ಈ ಕಡೆಯದು ಚಪ್ಪಟೆ ಇದ್ದರೆ ಆ ಕಡೆಯದು ನಕ್ಷತ್ರ. ಒಂದು ಮೂತಿಯ ಕೆಲಸ ಮುಗಿದರೆ ಕಿತ್ತು, ತಿರುಗಿಸಿ ಹಾಕಿದರೆ ಇನ್ನೊಂದು ಮೂತಿ ಹಾಜರು. ಇಂಥದ್ದು ಪೇಟೆಯಲ್ಲಿ ಇಲ್ಲವೆಂದಲ್ಲ. ಆದರೆ ನಾನು ನೋಡಿದವುಗಳಲ್ಲಿ ಕೆಲವು ಕೆಳಮುಖ ಮಾಡಿದರೆ ಬಿಟ್ ಉದುರಿಸುತ್ತಿದ್ದವು, ಕೆಲವು ಕೀಳಲು ಹೋದರೆ ಉಗುರು ಮುರಿಯುತ್ತಿದ್ದವು. ನಮ್ಮ ಕಾರ್ಖಾನೆಯ ಹತ್ತಿರದ ಉಡುಪಿ ಹೋಟೆಲಿನ ಯಜಮಾನರಿಗೆ ನನ್ನ ಯೋಜನೆ ವಿವರಿಸಿದಾಗ ಅವರು ಗಲ್ಲಾಪೆಟ್ಟಿಗೆಯ ಮುಂದೆ ಕೂತುಕೊಂಡೇ, "ಅದೆಲ್ಲ ಸರಿ ಮಾರಾಯ್ರೆ. ಗ್ರೈಂಡರ್ ರಿಪೇರಿ ಮಾಡುವಾಗ ಆ ತುಂಡು ಸಾಂಬಾರಿಗೆ ಬಿದ್ರೆ ಗಿರಾಕಿಗೆ ನಾನು ಎಂತ ಹೇಳುದು?" ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಇವತ್ತಿಗೂ ಋಣಿ. ಅಂದೇ ಹೋಗಿ ಬಿಟ್ ಕೂಡುವ ಗೂಡಿನ ಪಕ್ಕದಲ್ಲಿ ಒಂದು ಪುಟ್ಟ ಗುಂಡು, ಅದರ ಹಿಂದೆ ಒಂದು ಸ್ಪ್ರಿಂಗು ಬರೆದೆ. ಬಿಟ್ ಗೂಡಿನ ತಳ ಮುಟ್ಟಿದ ಕೂಡಲೇ ಗುಂಡು ಅದರ ಕಚ್ಚಿನೊಳಗೆ ಟಿಕ್ ಎಂದು ಕೂಡುತ್ತದೆ. ಆಮೇಲೆ ತಲೆಕೆಳಗು ಮಾಡಿ ಜಾಡಿಸಿದರೂ ಬೀಳುವುದಿಲ್ಲ.

ನಮ್ಮಲ್ಲಿ ಹೊಸ ವಸ್ತುವಿನ ಮೊದಲ ನಮೂನೆಯನ್ನು ಕೈಯಿಂದ ಮಾಡುವವರು ಮಲ್ಲಪ್ಪ. ಮಹಾರಾಷ್ಟ್ರದ ಗಡಿಯ ಜತ್ತ ಕಡೆಯವರು, ನನ್ನ ಓರಿಗೆಯವರು, ಫಿಟ್ಟರು. ಸಹೋದ್ಯೋಗಿಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ, ಲೇಥ್ ಯಂತ್ರದ ಜೊತೆ ಮೌನ. ನಕ್ಷೆ ನೋಡಿ ಅವರು "ಹೂಂ" ಎಂದರೆ ಆಗುತ್ತದೆ ಎಂದರ್ಥ. "ನೋಡೂಣ್ರಿ" ಎಂದರೆ ಎಲ್ಲೋ ಏನೋ ತಪ್ಪಿದೆ, ಅದು ಏನೆಂದು ಅವರಿಗೂ ಇನ್ನೂ ಗೊತ್ತಾಗಿಲ್ಲ ಎಂದರ್ಥ. ನನ್ನ ಗೂಡಿನ ನಕ್ಷೆಯನ್ನು ಕನ್ನಡಕ ಏರಿಸಿ ಇಳಿಸಿ ನೋಡಿ ಮಲ್ಲಪ್ಪ "ನೋಡೂಣ್ರಿ" ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ಅದನ್ನು "ಹೂಂ" ಎಂದೇ ಕೇಳಿಸಿಕೊಂಡೆ.

ನಮೂನೆ ನನ್ನ ಕೈಗೆ ಬಂದದ್ದು ಖಂಡೇನವಮಿಯ ಹಿಂದಿನ ದಿನ. ದಸರೆಯ ಮರುದಿನ ಬೆಳಿಗ್ಗೆ ಅದನ್ನು ನಮ್ಮ ಮಾಲೀಕರಿಗೆ ತೋರಿಸಬೇಕಿತ್ತು. ನಡುವೆ ಎರಡು ದಿನ ರಜೆ. ಮನೆಗೆ ಒಯ್ದು, ಎಲ್ಲ ಸ್ಕ್ರೂಗಳ ಮೇಲೂ ಪ್ರಯೋಗ ಮಾಡಿ, ನೂರು ಸಲ ಹಾಕಿ ತೆಗೆದು ನೋಡಬೇಕೆಂಬುದು ನನ್ನ ಲೆಕ್ಕ. ಆದರೆ ಮನೆಯಲ್ಲಿ ನಿರ್ಮಲಾ ಇದ್ದಾಳೆ. ನನ್ನ ಹೆಂಡತಿಗೆ ದೇವರ ವಿಷಯದಲ್ಲಿ ಅಂಥ ಹಟವೇನೂ ಇಲ್ಲ, ಖಂಡೇನವಮಿ ಒಂದನ್ನು ಬಿಟ್ಟು. ದಿನಾ ದುಡಿಯುವ ವಸ್ತುಗಳಿಗೆ ವರ್ಷಕ್ಕೆ ಒಂದು ದಿನವಾದರೂ ಕೈಮುಗಿಯದಿದ್ದರೆ ನಮ್ಮಂಥ ಕೃತಘ್ನರು ಯಾರೂ ಇಲ್ಲ ಎಂದು ಅವಳ ವಾದ. ನಾನು ಬೆಳಿಗ್ಗೆ ಮಾರ್ಕೆಟ್ ಯಾರ್ಡಿನಿಂದ ಚೆಂಡು ಹೂವು ತರುವಷ್ಟರಲ್ಲಿ ಪಡಸಾಲೆಯಲ್ಲಿ ಮಣೆ ಹಾಕಿ ಈಳಿಗೆ, ಕತ್ತರಿ, ಮಿಕ್ಸರು, ಹೊಲಿಗೆ ಯಂತ್ರ, ಸ್ಕೂಟರಿನ ಕೀಲಿಕೈ ಎಲ್ಲ ಜೋಡಿಸಿಟ್ಟಿದ್ದಳು. ನಡುವೆ, ಹೊಸ ರವಿಕೆ ಖಣದ ಮೇಲೆ, ನನ್ನ ನಮೂನೆ.

ಪೂಜೆಗೆ ಇಟ್ಟ ಆಯುಧವನ್ನು ಮರುದಿನ ಪೂಜೆ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ಅದು ಬೇಡ, ನನಗೆ ಪರೀಕ್ಷೆ ಮಾಡುವುದಿದೆ ಎಂದು ಹೇಳಬೇಕೆಂದು ಬಾಯಿ ತೆರೆದೆ. ಹೇಳಲಿಲ್ಲ. ಇಷ್ಟು ವರ್ಷ ಆ ಮಣೆಯ ಮೇಲೆ ಎಲ್ಲರ ಆಯುಧಗಳೂ ಕೂತಿದ್ದವು, ನನ್ನದೆಂದು ಒಂದು ಪೆನ್ಸಿಲ್ ಇಟ್ಟರೆ ಹೆಚ್ಚು. ಈಗ ನಟ್ಟನಡುವೆ ಖಣದ ಮೇಲೆ ನಾನು ಮಾಡಿದ ವಸ್ತು. ನಿರ್ಮಲಾ ಆರೂ ಬಿಟ್‌ಗಳನ್ನು ಹೊರಗೆ ತೆಗೆದು ಸಾಲಾಗಿ ಇಟ್ಟಿದ್ದಳು. ಕುಂಕುಮದ ಬೆರಳು ಗಾಳಿಯಲ್ಲೇ ನಿಂತಿತ್ತು.

"ಏನ್ರಿ, ಇವಕ್ಕ ಎರಡೆರಡು ಮೂತಿ ಅದಾವಲ್ರಿ. ಯಾವ ಮೂತಿಗೆ ಹಚ್ಚಲಿ?"

ಇದು ನಮ್ಮ ಶಾಸ್ತ್ರಗಳಲ್ಲಿ ಎಲ್ಲೂ ಬಂದಿರಲಾರದ ಪ್ರಶ್ನೆ. ನಾನು ಇಂಜಿನಿಯರಿನ ಗಾಂಭೀರ್ಯದಿಂದ ಎರಡಕ್ಕೂ ಹಚ್ಚು, ಎರಡೂ ಸಮಾನ ಎಂದೆ. ಹನ್ನೆರಡು ಕುಂಕುಮದ ಬೊಟ್ಟುಗಳಾದವು. ಖಾಲಿ ಹಿಡಿಕೆ ಬೀಳಬಾರದೆಂದು ಅವಳು ಅದನ್ನು ಒಂದು ಲೋಟದಲ್ಲಿ, ಗೂಡು ಮೇಲಾಗಿ, ನೆಟ್ಟಗೆ ನಿಲ್ಲಿಸಿದಳು. ಅಕ್ಷತೆ ಹಾಕುವುದು ನನ್ನ ಪಾಲು. ಈಳಿಗೆಗೆ ನಾಲ್ಕು ಕಾಳು, ಸ್ಕೂಟರಿಗೆ ನಾಲ್ಕು ಕಾಳು, ನನ್ನ ಆಯುಧಕ್ಕೆ ಒಂದು ಹಿಡಿ. ತಂದೆಯಾದವನಿಗೆ ಅಷ್ಟೂ ಅಭಿಮಾನ ಇರಬಾರದೇ. ಮರುದಿನ ಪೂಜೆ ಮುಗಿದ ಮೇಲೆ ಕುಂಕುಮ ಒರೆಸಿ, ಬಿಟ್‌ಗಳನ್ನು ಹೊಟ್ಟೆಗೆ ತುಂಬಿ, ಹಳೆಯ ಟವೆಲಿನಲ್ಲಿ ಸುತ್ತಿ ಚೀಲದೊಳಗೆ ಇಟ್ಟೆ. ಬನ್ನಿ ಕೊಡಲು ಬಂದವರ ಗಡಿಬಿಡಿಯಲ್ಲಿ ಪರೀಕ್ಷೆಯ ಮಾತು ಮರೆತೇ ಹೋಯಿತು.

ನಮ್ಮ ಮಾಲೀಕರು ಸಜ್ಜನರು, ಮಿತಭಾಷಿಗಳು, ಚಹಾ ಕುಡಿಯುತ್ತ ಮಾತಾಡುವವರು. ಅವರ ಮೇಜಿನ ಮುಂದೆ ನಿಂತು ನಾನು ಮರಾಠಿಯಲ್ಲಿ ನನ್ನ ಆಯುಧದ ಗುಣಗಾನ ಮಾಡಿದೆ. ಒಂದು ಬಿಟ್ ತೆಗೆದು ಗೂಡಿಗೆ ಒತ್ತಿದೆ. ಟಿಕ್ ಎನ್ನಲಿಲ್ಲ. ಕಚೇರಿಯ ಫ್ಯಾನಿನ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, "ಈಗ ನೋಡಿ, ತಲೆಕೆಳಗು ಮಾಡಿದರೂ ಬೀಳುವುದಿಲ್ಲ" ಎಂದು ತಲೆಕೆಳಗು ಮಾಡಿ ತೋರಿಸಿದೆ. ಬಿಟ್ ನೆಟ್ಟಗೆ ಹೋಗಿ ಅವರ ಚಹಾದಲ್ಲಿ ಬಿತ್ತು.

ಮಾಲೀಕರು ಕಪ್ಪಿನೊಳಗೆ ಇಣುಕಿ, "ಕಾಯ್ ಹೇ?" ಎಂದರು. ಏನಿದು ಎಂದು ಅರ್ಥ. ಅವರು ಚಮಚದಿಂದ ಬಿಟ್ ಎತ್ತಿ ತಟ್ಟೆಯಲ್ಲಿಟ್ಟು, ಕೊಳ್ಳುವ ಕಂಪನಿಯವರು ಗುರುವಾರ ಬರುತ್ತಾರೆ, ಅಷ್ಟರಲ್ಲಿ ಇದು ಸರಿಯಾದರೆ ತೋರಿಸೋಣ, ಇಲ್ಲದಿದ್ದರೆ ಹಳೆಯ ಹಿಡಿಕೆಯನ್ನೇ ಮುಂದುವರಿಸೋಣ ಎಂದರು. ಅಂದರೆ ಮೂರು ದಿನ. ಹಳೆಯ ಹಿಡಿಕೆ ಮುಂದುವರಿದರೆ ಎರಡು ವರ್ಷ ಅದಕ್ಕೆ ಬಣ್ಣ ಬದಲಾಯಿಸುತ್ತ ಕೂತು, ಒಂದು ಶಾಲು ಹೊದ್ದುಕೊಂಡು ಮನೆಗೆ ಹೋಗುವುದೇ ನನ್ನ ಪಾಲಿಗೆ ಉಳಿಯುವುದು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಸೀದಾ ಮಲ್ಲಪ್ಪನವರ ಹತ್ತಿರ ಹೋಗಿ ಸ್ಪ್ರಿಂಗು ಸಡಿಲು, ಗುಂಡು ಸಣ್ಣದು, ಗೂಡಿನ ಅಳತೆ ತಪ್ಪಿದೆ ಎಂದು ನಾಲ್ಕು ಜನರ ಮುಂದೆ ಕೂಗಾಡಿದೆ. ಹಾಗೆ ಕೂಗಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಅವರು ಹಿಡಿಕೆಯನ್ನು ತೆಗೆದುಕೊಂಡು, ಬಿಟ್ ಹಾಕಿ, ಎಷ್ಟು ಹೊರಗೆ ಉಳಿಯಿತು ಎಂದು ಅಳೆದರು. ಕೂದಲೆಳೆಗಿಂತ ಹೆಚ್ಚೇ ಹೊರಗೆ ಉಳಿದಿತ್ತು. ತಳ ಮುಟ್ಟುತ್ತಿಲ್ಲ. ಗೂಡನ್ನು ಅಂಗೈ ಮೇಲೆ ಬಡಿದರು, ಏನೂ ಬೀಳಲಿಲ್ಲ. ಬೆಳಕಿಗೆ ಹಿಡಿದು ಒಂದು ತೆಳು ತಂತಿಯ ತುದಿ ಬಗ್ಗಿಸಿ ಒಳಗೆ ಕೆದಕಿದರು. ಬಹಳ ಹೊತ್ತಿನ ಮೇಲೆ ಒಂದು ಕಾಳು ಹೊರಬಂತು. ಅರಿಸಿನ ಹಚ್ಚಿದ ಅಕ್ಕಿ ಕಾಳು, ಕುಂಕುಮ, ಗೂಡಿನ ಎಣ್ಣೆ ಸೇರಿ ಅಂಟಿಕೊಂಡು ತಳದಲ್ಲಿ ಕೂತಿದ್ದದ್ದು.

ಸುತ್ತ ನಿಂತವರು ನಕ್ಕರು. ಮಲ್ಲಪ್ಪ ನಗಲಿಲ್ಲ. ಪ್ರತಿ ವರ್ಷ ಜೇಜುರಿಯ ದೇವರಿಗೆ ಹೋಗಿ ಭಂಡಾರದ ಅರಿಸಿನ ಹಚ್ಚಿಸಿಕೊಂಡು ಬರುವ ಮನುಷ್ಯ. ಕಾಳನ್ನು ಹಣೆಗೊತ್ತಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ನನಗೋ ಹೋದ ಜೀವ ಬಂದಂತಾಯಿತು. ದೋಷ ನನ್ನ ನಕ್ಷೆಯದಲ್ಲ, ಒಂದು ಕಾಳಿನದು. ಕಾಳು ತೆಗೆದಾಯಿತು, ಇನ್ನೇನು ಗುರುವಾರಕ್ಕೆ ತಯಾರು ಎಂದು ನಾನು ಕೈ ಒರೆಸಿಕೊಂಡೆ.

"ಸಾಹೇಬ್ರ, ಇವತ್ತೇನೋ ತಗದ್ವಿ. ನಾಳೆ ತಗೊಂಡವ್ರ ಮನ್ಯಾಗ ಅಕ್ಕಿ ಇರಂಗಿಲ್ಲೇನ್ರಿ?" ಎಂದರು ಮಲ್ಲಪ್ಪ. "ಅಕ್ಕಿ ಬ್ಯಾಡ ಅನ್ರಿ. ಉಸುಕು, ಕಟಗಿ ಹೊಟ್ಟು, ಹಿಟ್ಟು ಇರ್ತಾವ. ತಳ ಮುಚ್ಚಿದ್ರ ಬಿದ್ದದ್ದು ಹೊರಗ ಹೆಂಗ ಬರಬೇಕ್ರಿ? ನನಗ ಆವತ್ತ ಏನೋ ಒಂದು ಕಾಡಾಕತ್ತಿತ್ತು. ಇದ ನೋಡ್ರಿ ಅದು."

ತಳಕ್ಕೆ ಒಂದು ತೂತು ಕೊಡಬೇಕು ಎಂಬುದು ಅವರ ಸಲಹೆ. ಗೂಡಿನ ತಳದಿಂದ ಹಿಡಿಕೆಯ ಟೊಳ್ಳು ಹೊಟ್ಟೆಗೆ ಒಂದು ತೂತು; ಬಿಟ್ ಜಾರದಷ್ಟು ಸಣ್ಣದು, ಕಸ ಬೀಳುವಷ್ಟು ದೊಡ್ಡದು. ಹಿಂದಿನ ಮುಚ್ಚಳ ತೆಗೆದು ಕೊಡವಿದರೆ ಎಲ್ಲ ಹೊರಗೆ. ಕೇಳಿದ ಕೂಡಲೇ ಅದು ಸರಿ ಎಂದು ನನಗೆ ಗೊತ್ತಾಯಿತು. ಗೊತ್ತಾದದ್ದರಿಂದಲೇ ಒಪ್ಪಲು ಮನಸ್ಸಾಗಲಿಲ್ಲ. ನನ್ನ ಜೀವಮಾನದ ಒಂದೇ ಒಂದು ಸ್ವಂತ ವಸ್ತು, ಅದಕ್ಕೂ ಬೇರೆಯವರು ತೂತು ಕೊರೆಯುವುದೇ? ವಿಚಾರ ಮಾಡುತ್ತೇನೆ ಎಂದು ಹೇಳಿ ಮನೆಗೆ ಹೋದೆ.

ಹಡಪ್ಸರಿನಿಂದ ಮಗರಪಟ್ಟಾ ದಾಟುವವರೆಗಿನ ಟ್ರಾಫಿಕ್ಕಿನಲ್ಲಿ ನಿರ್ಮಲಾಳಿಗೆ ಹೇಳಬೇಕಾದ ಮಾತುಗಳನ್ನು ಚೆನ್ನಾಗಿ ಜೋಡಿಸಿಕೊಂಡಿದ್ದೆ. ಕಾರ್ಖಾನೆಯ ನಮೂನೆಯನ್ನು ಪೂಜೆಗೆ ಇಡುವ ಮೊದಲು ಒಂದು ಮಾತು ಕೇಳಬೇಕಿತ್ತು ಇತ್ಯಾದಿ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿದಳು.

"ಖಣ ಹಾಕಿದಾಕಿ ನಾ. ಕುಂಕುಮ ಹಚ್ಚಿದಾಕೀನೂ ನಾನ. ಅಕ್ಷತಿ ಹಾಕಿದವ್ರು ಯಾರ್ರಿ?"

ನಾನು ಕೈ ತೊಳೆದು ಊಟಕ್ಕೆ ಕೂತೆ. ಎರಡನೆಯ ರೊಟ್ಟಿಯ ಹೊತ್ತಿಗೆ ತೂತಿನ ವಿಷಯವನ್ನೂ ಹೇಳಿಬಿಟ್ಟೆ. ಮೂವತ್ತು ವರ್ಷದಿಂದ ಅಡಿಗೆಮನೆ ನಡೆಸಿಕೊಂಡು ಬಂದವಳು ಒಂದು ಕ್ಷಣವೂ ಯೋಚಿಸಲಿಲ್ಲ. "ದಿನಾ ಬಳಸೂ ಸಾಮಾನು ಹೊಲಸಾಗಬಾರದು ಅಂದ್ರ ಹೆಂಗ್ರಿ? ಆಗ್ತದ. ತೊಳೀಲಿಕ್ಕೆ ಬರೂಹಂಗ ಇದ್ರ ಸಾಕು. ಆ ಮಲ್ಲಪ್ಪ ಹೇಳಿದ್ದ ಖರೆ ಅದ." ಹಿಂದೊಮ್ಮೆ ನಾನೇ ಇಷ್ಟಪಟ್ಟು ಕೊಂಡು ತಂದ ಒಂದು ನೀರಿನ ಬಾಟಲಿ ಇತ್ತು, ಬಾಯಿ ಎಷ್ಟು ಇಕ್ಕಟ್ಟೆಂದರೆ ಯಾವ ಬ್ರಶ್ಶೂ ತಳ ಮುಟ್ಟುತ್ತಿರಲಿಲ್ಲ. ಅದರ ಮಾತನ್ನೂ ಅವಳು ಅದೇ ಉಸಿರಿನಲ್ಲಿ ತೆಗೆದಳು. ನಾನು ಸಾಕು ಸಾಕು ಎಂದೆ. ನಿಜ ಹೇಳಬೇಕೆಂದರೆ ನಾನು ಓದಿದ ಯಾವ ಪುಸ್ತಕವೂ ಇಷ್ಟು ಚಿಕ್ಕದಾಗಿ ಈ ವಿಷಯ ಹೇಳಿರಲಿಲ್ಲ.

ಮರುದಿನ ನಾನು ಮೊದಲು ಮಾಡಿದ ಕೆಲಸ ಮಲ್ಲಪ್ಪನವರ ಹತ್ತಿರ ಹೋಗಿ ಕ್ಷಮೆ ಕೇಳಿದ್ದು. ನಾಲ್ಕು ಜನರ ಮುಂದೆ ಕೂಗಿದ್ದನ್ನು ನಾಲ್ಕು ಜನರ ಮುಂದೆಯೇ ಹಿಂತೆಗೆದುಕೊಂಡೆ. ಅವರು, "ಅದೇನ್ ಬಿಡ್ರಿ, ತೂತು ಎಷ್ಟು ಮಾಡೂದು ಮೊದಲ ಹೇಳ್ರಿ" ಎಂದರು. ಅಲ್ಲಿಯೇ ಇದ್ದದ್ದು ತೊಡಕು. ತೂತು ಯಾವ ಕಾಳಿಗೆ ಸರಿಹೊಂದಬೇಕು? ನಮ್ಮ ಮನೆಯ ಅಕ್ಷತೆ ಕೋಲಮ್ ಅಕ್ಕಿಯದು, ಸಣ್ಣ ಕಾಳು. ಬೇರೆಯವರ ಮನೆಯಲ್ಲಿ ಬಾಸ್ಮತಿ ಇದ್ದರೆ? ನಿರ್ಮಲಾಳಿಗೆ ಫೋನು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಅವಳು ರಿಕ್ಷಾ ಮಾಡಿಕೊಂಡು ಬಂದು, ಗೇಟಿನಲ್ಲಿ ಒಂದು ಚೀಲ ಕೊಟ್ಟು ಹೋದಳು. ಒಳಗೆ ಸಣ್ಣ ಸಣ್ಣ ಪೊಟ್ಟಣಗಳು. ಎರಡು ಬಗೆಯ ಅಕ್ಕಿ, ರವೆ, ಸಾಸಿವೆ, ಜೋಳ, ಜೋಳದ ಹಿಟ್ಟು. ಒಂದೊಂದರ ಮೇಲೂ ಹೆಸರು ಬರೆದಿದ್ದಳು, ಇಂಜಿನಿಯರುಗಳಿಗೆ ಗೊತ್ತಾಗಲಿ ಎಂದು.

ಆ ಎರಡು ದಿನ ನಮ್ಮ ವಿಭಾಗ ಕಿರಾಣಿ ಅಂಗಡಿಯಾಯಿತು. ಮಲ್ಲಪ್ಪ ತೂತು ಕೊರೆಯುವುದು, ನಾನು ಕಾಳು ಹಾಕುವುದು, ಬಿಟ್ ಒತ್ತುವುದು, ಮುಚ್ಚಳ ತೆಗೆದು ಕೊಡವುವುದು. ಅಕ್ಕಿ ಬಿತ್ತು, ರವೆ ಬಿತ್ತು, ಸಾಸಿವೆ ಓಡಿಹೋಯಿತು. ಜೋಳ ಸಿಕ್ಕಿಹಾಕಿಕೊಂಡಿತು. ತೂತನ್ನು ಇನ್ನಷ್ಟು ಹಿಗ್ಗಿಸಿದಾಗ ಜೋಳವೂ ಬಿತ್ತು. ಹಿಟ್ಟು ಮಾತ್ರ ಎಣ್ಣೆಯ ಜೊತೆ ಸೇರಿ ಹಟ ಹಿಡಿಯಿತು. ಆಗ ಮಲ್ಲಪ್ಪ ಇನ್ನೊಂದು ಬಿಟ್‌ನ ಸಣ್ಣ ಮೂತಿಯನ್ನೇ ಹಿಂದಿನಿಂದ ತೂರಿಸಿ ನೂಕಿದರು, ಗೂಡಿನಲ್ಲಿ ಬಿಗಿಯಾಗಿದ್ದ ಬಿಟ್ ಕೂಡ ಹಿಟ್ಟಿನ ಸಮೇತ ಹೊರಗೆ ಬಂತು. ಉಗುರು ಮುರಿಯದೆ ಬಿಟ್ ಬಿಡಿಸುವುದು ಹೇಗೆ ಎಂದು ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಅದೂ ಅದೇ ತೂತಿನಲ್ಲಿ ಬಗೆಹರಿಯಿತು. ಸಂಜೆ ನೆಲ ಗುಡಿಸುವವರು ಇಲ್ಲಿ ಯಾರ ಮದುವೆ ಎಂದು ಕೇಳಿದರು.

ಗುರುವಾರ ಕೊಳ್ಳುವ ಕಂಪನಿಯಿಂದ ಇಬ್ಬರು ಬಂದರು, ಒಬ್ಬ ಹೆಣ್ಣುಮಗಳು ಮತ್ತು ಅವಳ ಮಾತನ್ನು ಬರೆದುಕೊಳ್ಳುವ ಒಬ್ಬ ಗಂಡಸು. ಆಕೆ ಆಯುಧವನ್ನು ತಲೆಕೆಳಗು ಮಾಡಿ, ಜಾಡಿಸಿ, ಮೇಜಿಗೆ ಬಡಿದು ನೋಡಿದಳು. ಮಾಲೀಕರು ಮೆಲ್ಲಗೆ ತಮ್ಮ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿಕೊಂಡದ್ದನ್ನು ನಾನು ನೋಡಿದೆ. ಬಿಟ್ ಅಲ್ಲಾಡಲಿಲ್ಲ. ಆಮೇಲೆ ಮಲ್ಲಪ್ಪ ಬಿಟ್ ತೆಗೆದು ಗೂಡಿಗೆ ಒಂದು ಚಿಟಿಕೆ ರವೆ ಹಾಕಿ, ಮುಚ್ಚಳ ತೆಗೆದು ಕೊಡವಿ, ಮತ್ತೆ ಬಿಟ್ ಒತ್ತಿದರು. ಟಿಕ್. ಆಕೆ ಇದು ಚೆನ್ನಾಗಿದೆ, ಈ ತೂತು ಯಾರ ಯೋಚನೆ ಎಂದು ಕೇಳಿದಳು. ಮಾಲೀಕರು ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು.

ಒಂದು ಕ್ಷಣ, ಎರಡೇ ಇರಬಹುದು, ನಾನು ಬಾಯಿ ಬಿಡಲಿಲ್ಲ. ಇಪ್ಪತ್ತೆಂಟು ವರ್ಷ ಕಾದ ಗಳಿಗೆ ಅದು, ಬೇಡ ಎನ್ನಲು ಬಹಳ ಕಷ್ಟವಾಯಿತು. ಮಲ್ಲಪ್ಪ ರವೆಯ ಪೊಟ್ಟಣ ಮಡಚುತ್ತಿದ್ದರು, ಅವರಿಗೆ ಈ ಕಡೆ ಲಕ್ಷ್ಯವೇ ಇರಲಿಲ್ಲ. ಅವರು ಹಕ್ಕು ಕೇಳುವವರಂತೆ ನನ್ನ ಮುಖ ನೋಡಿದ್ದರೆ ಬಹುಶಃ ನಾನು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಇವರದು ಎಂದೆ. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದಾಗ ಆ ಮನುಷ್ಯ ಏನೋ ತಪ್ಪಾಯಿತೇನೋ ಎಂಬಂತೆ ಎದ್ದು ನಿಂತರು. ಆ ಕ್ಷಣದಲ್ಲಿ ನನಗೆ ಅವರ ಮೇಲೆ ಹುಟ್ಟಿದ ಪ್ರೀತಿಯನ್ನು ಹೇಗೆ ಹೇಳುವುದೆಂದು ಗೊತ್ತಿಲ್ಲ.

ಒಪ್ಪಿಗೆ ಸಿಕ್ಕಿತು. ಕೊನೆಯ ನಕ್ಷೆ ಬರೆಯಲು ಕೂತೆ. ನಕ್ಷೆಯ ಬಲ ಮೂಲೆಯಲ್ಲಿ ಒಂದು ಚೌಕವಿರುತ್ತದೆ, ರೂಪಿಸಿದವರ ಹೆಸರು ಅಲ್ಲಿ ಬರೆಯಬೇಕು. ಈ ಸಲ ಮಾರಾಟದ ಪೆಟ್ಟಿಗೆಯ ಮೇಲೂ ಅದೇ ಹೆಸರು ಅಚ್ಚಾಗುವುದೆಂದು ಮಾಲೀಕರು ಹೇಳಿದ್ದರು. ನಾನು ಮಲ್ಲಪ್ಪನವರನ್ನು ಕರೆದು ನಿಮ್ಮ ಹೆಸರನ್ನೂ ಹಾಕುತ್ತೇನೆ ಎಂದೆ.

"ಬ್ಯಾಡ್ರಿ ಸಾಹೇಬ್ರ. ಹೆಸರು ಬಂತಂದ್ರ ಮೀಟಿಂಗಿಗೆ ಕರೀತಾರ. ನನಗ ಕೆಲಸ ಭಾಳ ಅದ."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಮನೆಗೆ ಬಂದು ನಿರ್ಮಲಾಳಿಗೆ, ಹಾಗಾದರೆ ನಿನ್ನ ಹೆಸರನ್ನಾದರೂ ಹಾಕುತ್ತೇನೆ, ನೀನು ಖಣದ ಮೇಲೆ ಇಡದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ ಎಂದೆ. ಅವಳು ಸ್ವಲ್ಪ ನಾಚಿದಂತೆ ಕಂಡಿತು. ಆಮೇಲೆ ಹೇಳಿದಳು: "ಒಬ್ಬರದ ಇರ್ಲಿ ಬಿಡ್ರಿ. ನಾಳೆ ಯಾರರ ಕೈಯಾಗ ಅದು ಕೆಟ್ರ ಯಾರನ್ನ ಹಿಡೀಬೇಕು ಅನ್ನೂದು ಮಂದಿಗೆ ತಿಳೀಬೇಕಲ್ಲ."

ಹೀಗೆ ಎಲ್ಲರ ಔದಾರ್ಯದಿಂದ ಪೆಟ್ಟಿಗೆಯ ಮೇಲೆ ನನ್ನ ಹೆಸರು ಒಂದೇ ಅಚ್ಚಾಗಿದೆ. ಮೊದಲ ಸರಕು ಅಂಗಡಿಗಳಿಗೆ ಹೋಗಿದೆ. ಮೊನ್ನೆ ಸಾಂಗ್ಲಿಯಿಂದ ಒಂದು ಪತ್ರವೂ ಬಂತು, ಕಂಪನಿಗಲ್ಲ, ನೇರವಾಗಿ ನನ್ನ ಹೆಸರಿಗೆ. ಜೀವನದಲ್ಲಿ ಇಂಥ ಪತ್ರ ಇದೇ ಮೊದಲು. ಹಿಂದಿನ ಮುಚ್ಚಳ ವಿಪರೀತ ಬಿಗಿ, ಇದನ್ನು ರೂಪಿಸಿದ ಮಹಾಶಯರು ಒಮ್ಮೆ ತಾವೇ ತೆಗೆದು ನೋಡಬೇಕು ಎಂದು ಅದರಲ್ಲಿ ಬರೆದಿತ್ತು. ಎರಡು ಸಲ ಓದಿ, ಮಡಚಿ ಇಟ್ಟು, ಆಯುಧ ತಂದು ಮುಚ್ಚಳ ತಿರುಗಿಸಿದೆ. ನನಗೂ ಬರಲಿಲ್ಲ. ನಿರ್ಮಲಾ ಸೆರಗಿನಿಂದ ಹಿಡಿದು ಒಮ್ಮೆ ತಿರುಗಿಸಿ ತೆಗೆದುಕೊಟ್ಟಳು.